ಹೂಂ ಅನ್ನದ ಬೀಗರು

ನಮ್ಮೂರಿನಲ್ಲಿ ಒಬ್ಬರು ಮಾತಾಡಿದರೆ ಇನ್ನೊಬ್ಬರು ಹೂಂ ಅನ್ನಬೇಕು. ತಲೆಯಾಡಿಸಿದರೆ ಸಾಲದು, ನಕ್ಕರೆ ಸಾಲದು, ಬಾಯಿಬಿಟ್ಟು ಹೂಂ ಅನ್ನಬೇಕು. ಅನ್ನದಿದ್ದರೆ ಹೇಳಿದವರು ಅದೇ ಮಾತನ್ನು ಮತ್ತೆ ಹೇಳುತ್ತಾರೆ. ಮತ್ತೂ ಅನ್ನದಿದ್ದರೆ ಮತ್ತೂ ಹೇಳುತ್ತಾರೆ. ಇದು ಹಟವಲ್ಲ, ನಮಗೆ ಅಭ್ಯಾಸವಾಗಿರುವುದೇ ಹಾಗೆ. ನಮ್ಮ ಮಿಕ್ಸಿ, ಮೋಟಾರು, ಬೀದಿದೀಪಗಳು ಮಾತಾಡುವುದೂ ಹೀಗೆಯೇ. ಅವುಗಳಿಂದ ನಾವು ಕಲಿತೆವೋ, ನಮ್ಮಿಂದ ಅವು ಕಲಿತವೋ ಎಂದು ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ. ಅಜ್ಜಿ "ಹೂಂ" ಅಂದು ಸುಮ್ಮನಾದಳು.

ಊರಿನ ಉದ್ದಕ್ಕೂ ಎರಡು ತಂತಿಗಳಿವೆ. ಒಂದು ಮಾತಿನ ತಂತಿ, ಇನ್ನೊಂದು ತಾಳದ ತಂತಿ. ತಾಳದ ತಂತಿಯಲ್ಲಿ ಟಿಕ್ ಟಿಕ್ ಎಂದು ತಾಳ ಬೀಳುತ್ತಿದ್ದರೆ ಅದಕ್ಕೆ ಸರಿಯಾಗಿ ಮಾತಿನ ತಂತಿಯಲ್ಲಿ ಮಾತು ಸಾಗುತ್ತದೆ. ತಾಳ ಹಾಕುವವಳು ದೊಡ್ಡಮ್ಮ. ದೊಡ್ಡಮ್ಮ ಅಂದರೆ ಹೆಂಗಸಲ್ಲ, ಊರ ಕಚೇರಿಯ ಹಿಂದಿನ ಕೋಣೆಯಲ್ಲಿ ತಣ್ಣಗೆ ಕೂತಿರುವ ಒಂದು ಚಿಪ್ಪು. ಬೇರೆ ಕಡೆ ಚಿಪ್ ಅನ್ನುತ್ತಾರಂತೆ, ನಾವು ಚಿಪ್ಪು ಅನ್ನುತ್ತೇವೆ. ತೆಂಗಿನ ಚಿಪ್ಪಿಗೂ ಅದೇ ಹೆಸರು. ಇದುವರೆಗೆ ಯಾರೂ ಅದರ ಬದಲು ಇದನ್ನು ಒಲೆಗೆ ಹಾಕಿಲ್ಲ.

ದೊಡ್ಡಮ್ಮ ಒಂದೊಂದು ವಸ್ತುವನ್ನೂ ಹೆಸರು ಹಿಡಿದು ಕರೆಯುತ್ತಾಳೆ. "ಭೀಮಣ್ಣ, ನೀರೆಷ್ಟಿದೆ?" ಎಂದರೆ ಟ್ಯಾಂಕಿನ ಮೋಟಾರು "ಹೂಂ, ಅರ್ಧ ಇದೆ" ಎನ್ನುತ್ತದೆ. ಹೆಸರಿಲ್ಲದ ಮಾತನ್ನು ತಂತಿಗೆ ಬಿಟ್ಟರೆ ಮಾತ್ರ ಫಜೀತಿ. ಊರಿನ ಪ್ರತಿಯೊಂದು ವಸ್ತುವೂ ಅದು ತನಗೇ ಹೇಳಿದ್ದು ಎಂದುಕೊಂಡು ಹೂಂ ಅನ್ನುತ್ತದೆ. ಆದ್ದರಿಂದ ಪ್ರತಿಯೊಬ್ಬರಿಗೂ ಹೆಸರು ಇರಲೇಬೇಕು, ಒಬ್ಬರ ಹೆಸರು ಇನ್ನೊಬ್ಬರಿಗೆ ಇರಕೂಡದು. ಒಳ್ಳೊಳ್ಳೆಯ ಹೆಸರುಗಳೆಲ್ಲ ಹಿಂದೆಯೇ ಮೋಟಾರು, ಗ್ರೈಂಡರುಗಳ ಪಾಲಾದವು. ಈಗ ಮಕ್ಕಳಿಗೆ ಹೆಸರು ಹುಡುಕುವಷ್ಟರಲ್ಲಿ ತಾಯಂದಿರಿಗೆ ಸಾಕುಸಾಕಾಗುತ್ತದೆ. ನನಗೆ ಪದ್ಮಾವತಿ ಎಂದು ಇಡಬೇಕೆಂದಿದ್ದರು, ಅದು ಬಸ್ ನಿಲ್ದಾಣದ ದೀಪಕ್ಕೆ ಹೋಗಿತ್ತು. ಹಾಗಾಗಿ ನಾನು ಚಂಪಕಮಾಲೆಯಾದೆ. ಊರಿನ ತಂತಿ ನೋಡಿಕೊಳ್ಳುವ ಕೆಲಸ ನನ್ನದಾದ್ದರಿಂದ ಎಲ್ಲರೂ ತಂತಿ ಚಂಪಕ್ಕ ಎನ್ನುತ್ತಾರೆ. ಆ ಪದ್ಮಾವತಿಯನ್ನು ರಿಪೇರಿ ಮಾಡುವಾಗಲೆಲ್ಲ ನನಗೆ ಈಗಲೂ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಪದ ಹೇಳಬೇಕು. ಬರೆಯುವುದಕ್ಕೆ ಅಡ್ಡಿಯಿಲ್ಲ, ಬಾಯಿಬಿಟ್ಟು ಅನ್ನಬಾರದು ಅಷ್ಟೆ. ನಮ್ಮ ಹೋಟೆಲಿನ ಇಡ್ಲಿ ಪಾತ್ರೆ ಸೀತಾಪತಿಯದು ಹಳೆಯ ಚಿಪ್ಪು, ಯೋಚಿಸುವುದು ನಿಧಾನ. ದೊಡ್ಡಮ್ಮ "ಸೀತಾಪತಿ, ಇಡ್ಲಿ ಬೆಂದಿತೆ?" ಎಂದರೆ ಅದು ಮೊದಲು "ತಾಳಿ" ಅನ್ನುತ್ತದೆ. ಅಂದಕೂಡಲೇ ದೊಡ್ಡಮ್ಮನ ತಾಳ ನಿಲ್ಲುತ್ತದೆ. ಭೀಮಣ್ಣ ನಿಲ್ಲುತ್ತಾನೆ, ಫ್ಯಾನು ನಿಲ್ಲುತ್ತದೆ, ನಲ್ಲಿಯಲ್ಲಿ ನೀರು ನಿಲ್ಲುತ್ತದೆ. ನಾವೂ ಇದ್ದಲ್ಲೇ ಇದ್ದ ಹಾಗೆಯೇ ನಿಲ್ಲುತ್ತೇವೆ. ಸೀತಾಪತಿ ಹಬೆ ಲೆಕ್ಕ ಹಾಕಿ "ಆಯ್ತು" ಅಂದ ಮೇಲೆಯೇ ಎಲ್ಲರಿಗೂ ಜೀವ. ವಸ್ತು ಅಂದರೂ ಅಷ್ಟೇ, ಮನುಷ್ಯರು ಅಂದರೂ ಅಷ್ಟೇ, ಏಕೆಂದರೆ ನಮ್ಮ ಗೋಡೆಗೋಡೆಗೂ ಕೇಳುವ ಚಿಪ್ಪುಗಳಿವೆ. ಹಾಗೆ ಅಂದು ತಾಳ ತಡೆದವರನ್ನು ಯಾಕೆ ಎಂದು ಕೇಳುವ ಹಾಗಿಲ್ಲ. ಅವರ ಪರವಾಗಿ ಬೇರೆಯವರು ಆಯ್ತು ಅನ್ನುವ ಹಾಗೂ ಇಲ್ಲ. ಅದಕ್ಕೇ ನಾವು ಬಸ್ಸು ನಿಲ್ಲಿಸಲು "ಇರಿ ಇರಿ" ಎಂದು ಕೂಗುತ್ತೇವೆ. ಮದುವೆಯಲ್ಲಿ ಕಟ್ಟುವುದಕ್ಕೆ ಕರಿಮಣಿ ಅನ್ನುತ್ತೇವೆ. ಅಕ್ಕಸಾಲಿಗರೂ ಅದನ್ನು ಬೇರೆ ಹೆಸರಿನಿಂದ ಕರೆದವರಲ್ಲ.

ಈಗ ನನ್ನ ಅಣ್ಣನ ಮಗಳ ವಿಷಯ. ಹೆಸರು ಮಂದಾಕಿನಿ, ಮನೆಯಲ್ಲಿ ಮಂದಾ. ಹೆಸರಿಗೆ ತಕ್ಕ ಹಾಗೆ ನಿಧಾನ. ನಡಿಗೆ ನಿಧಾನ, ಊಟ ನಿಧಾನ, ಎಲ್ಲಕ್ಕಿಂತ ಮಾತು ನಿಧಾನ. ಒಂದು ಪದ ಹೇಳಿ, ಇನ್ನೊಂದನ್ನು ಹುಡುಕಿ, ತಿರುವಿ ನೋಡಿ, ಸರಿಯಿದೆ ಅನ್ನಿಸಿದರೆ ಮಾತ್ರ ಹೊರಗಿಡುತ್ತಾಳೆ. ನನ್ನ ಜೊತೆ ಅಂಗಡಿಯಲ್ಲಿ ಚಿಪ್ಪುಗಳಿಗೆ ಬೆಸುಗೆ ಹಾಕುತ್ತಾಳೆ. ಅವಳು ಹಾಕಿದ ಬೆಸುಗೆ ಬಿಟ್ಟದ್ದನ್ನು ನಾನು ಕಂಡಿಲ್ಲ. ಆದರೆ ಅವಳ ಮಾತು ಮುಗಿದದ್ದನ್ನು ಕಂಡವರೂ ಕಡಿಮೆ. ದಿನಸಿ ಅಂಗಡಿಗೆ ಹೋಗಿ "ನನಗೆ... ಅರ್ಧ ಕೆಜಿ..." ಎನ್ನುವಷ್ಟರಲ್ಲಿ ಅಂಗಡಿಯವರು "ಬೇಳೆ ತಾನೇ?" ಎಂದು ಕಟ್ಟಿಕೊಟ್ಟುಬಿಡುತ್ತಾರೆ. ಅವಳಿಗೆ ಬೇಕಾಗಿದ್ದದ್ದು ಸಕ್ಕರೆ. ನಮ್ಮ ಮನೆಯಲ್ಲಿ ಬೇಳೆಗೆ ಯಾವತ್ತೂ ಕೊರತೆಯಿರಲಿಲ್ಲ, ಕಾಫಿ ಮಾತ್ರ ಸಪ್ಪೆ.

ನನಗೆ ರೇಗುತ್ತಿತ್ತು. "ಆ ಸೀತಾಪತಿ ಅನ್ನುತ್ತಲ್ಲ, ಆ ಮಾತನ್ನ ನೀನೂ ಅನ್ನೇ. ಇಡ್ಲಿ ಪಾತ್ರೆಗಿರೋ ಹಕ್ಕು ನಿನಗಿಲ್ವಾ? ಊರು ಕಾಯಲಿ," ಎಂದು ಎಷ್ಟೋ ಸಲ ಹೇಳಿದ್ದೆ.

"ಅತ್ತೆ... ಅಷ್ಟು ಜನ... ನನಗೋಸ್ಕರ... ನಿಂತ್ಬಿಡ್ತಾರಲ್ಲ," ಎಂದು ಅವಳು ತಲೆ ತಗ್ಗಿಸುತ್ತಿದ್ದಳು. ಹುಟ್ಟಿದಾಗಿನಿಂದ ಆ ಪದ ಅವಳ ಬಾಯಲ್ಲಿ ಬಂದಿರಲಿಲ್ಲ.

ನಮ್ಮಣ್ಣ ನಾಗಭೂಷಣ ಇದಕ್ಕೆ ತದ್ವಿರುದ್ಧ. ಅವನ ಚಪ್ಪಲಿ ಕೂಡ ಅವನಿಗಿಂತ ಹಿಂದೆ ಉಳಿಯುತ್ತದೆ. ಮಂದಾಳ ಮದುವೆ ಮಾಡಬೇಕೆಂದು ಅವನ ತಲೆಗೆ ಬಂದದ್ದೇ ತಡ, ಗುಡ್ಡದಾಚೆಯ ಊರಿನಿಂದ ಒಂದು ಗಂಡು ಗೊತ್ತುಮಾಡಿಕೊಂಡು ಬಂದ. ಹೆಸರು ರಂಗಧಾಮ. ಅವನದೂ ಚಿಪ್ಪಿನ ಕೆಲಸವೇ, ಹೊಲಿಗೆ ಯಂತ್ರಗಳಿಗೆ ಮಾತು ಕೂರಿಸುತ್ತಾನೆ. ಅಷ್ಟು ಸಾಕು ಎಂದು ನಮ್ಮಣ್ಣ ಖುಷಿಪಟ್ಟ. ಆಚೆ ಊರಿನಲ್ಲಿ ತಾಳದ ತಂತಿಯೇ ಇಲ್ಲ ಎಂಬುದನ್ನು ವಿಚಾರಿಸುವ ವ್ಯವಧಾನ ಅವನಿಗೆಲ್ಲಿ?

ಆಚೆ ಊರಿನ ಪದ್ಧತಿ ಬೇರೆ. ಅಲ್ಲೂ ಎರಡು ತಂತಿ, ಆದರೆ ಒಂದು ಹೇಳುವುದಕ್ಕೆ, ಇನ್ನೊಂದು ಕೇಳುವುದಕ್ಕೆ. ಇಬ್ಬರು ಎದುರಾದರೆ ಮೊದಲು "ಯಾವ ವೇಗ?" ಎಂದು ಕೇಳುತ್ತಾರೆ, "ಒಂಬತ್ತು ಸಾವಿರದ ಆರುನೂರು" ಎಂದು ಒಪ್ಪಿಕೊಳ್ಳುತ್ತಾರೆ, ಆಮೇಲೆ ಇಬ್ಬರೂ ಒಟ್ಟೊಟ್ಟಿಗೇ ಶುರುಮಾಡುತ್ತಾರೆ. ಹೇಳುತ್ತಲೇ ಕೇಳುತ್ತಾರೆ, ಕೇಳುತ್ತಲೇ ಹೇಳುತ್ತಾರೆ. ಹೂಂ ಗೀಂ ಏನೂ ಇಲ್ಲ.

ಹೆಣ್ಣು ನೋಡಲು ಬಂದ ದಿನ ನಮ್ಮ ಹಜಾರದಲ್ಲಿ ಗಂಡಿನ ತಾಯಿ ಗಿರಿಜಮ್ಮನವರೂ ಅವರ ತಂಗಿಯೂ ಒಂದೇ ಉಸಿರಿನಲ್ಲಿ ಎರಡು ಬೇರೆ ಬೇರೆ ವಿಷಯ ಹೇಳುತ್ತಿದ್ದರು. ನಾನು ಯಾರಿಗೆ ಹೂಂ ಅನ್ನಬೇಕೆಂದು ತಿಳಿಯದೆ ಇಬ್ಬರಿಗೂ ಅಂದೆ. ನಾನು ಅಂದಷ್ಟೂ ಅವರ ಮುಖ ಚಿಕ್ಕದಾಗುತ್ತ ಹೋಯಿತು. ಯಾಕೆಂದು ಆಗ ಅರ್ಥವಾಗಲಿಲ್ಲ. ಅಷ್ಟರಲ್ಲಿ ಮಂದಾ ತಟ್ಟೆ ಹಿಡಿದು ಬಂದು ರಂಗಧಾಮನ ಮುಂದೆ ನಿಂತು "ಕಾಫಿ ತಗೊಳ್ಳಿ" ಅಂದಳು. ಅವನು ಲೋಟ ತೆಗೆದುಕೊಂಡ, ಹೂಂ ಅನ್ನಲಿಲ್ಲ. "ಕಾಫಿ ತಗೊಳ್ಳಿ" ಎಂದು ಇನ್ನೊಮ್ಮೆ ಅಂದಳು. ಅವನು ಕುಡಿದ, ಹೂಂ ಅನ್ನಲಿಲ್ಲ. ಖಾಲಿ ಲೋಟ ಹಿಡಿದು ಕೂತವನಿಗೂ ಅವಳು "ಕಾಫಿ ತಗೊಳ್ಳಿ" ಅನ್ನುತ್ತಲೇ ಇದ್ದಳು. ಗಿರಿಜಮ್ಮನವರು ತಂಗಿಗೆ "ಉಪಚಾರ ಜಾಸ್ತಿ ಕಣೆ ಹುಡುಗೀದು" ಅಂದರು, ತಂಗಿ ಅದೇ ಹೊತ್ತಿಗೆ "ಗಿಣಿ ಇದ್ದ ಹಾಗಿದೆ" ಅಂದರು. ಕೊನೆಗೆ ನಾನೇ ಗಂಡಿನ ಪರವಾಗಿ ಒಂದು ಹೂಂ ಅಂದು ಅವಳನ್ನು ಬಿಡಿಸಿದೆ.

ಆಮೇಲೆ ಇಬ್ಬರನ್ನೂ ಹಿತ್ತಲಿಗೆ ಕಳಿಸಿದೆವು. ಒಗೆಯುವ ಕಲ್ಲಿನ ಹತ್ತಿರ ನಿಂತು ಏನೋ ಮಾತಾಡಿಕೊಂಡರು. ಅವರೆಲ್ಲ ಹೊರಟ ಮೇಲೆ ಮಂದಾ ಅಂಗಡಿಗೆ ಬಂದು ಬೆಸುಗೆ ಕಡ್ಡಿ ಕಾಯಲು ಇಟ್ಟಳು.

"ಹೆಂಗನ್ನಿಸ್ತೇ?" ಎಂದು ಕೇಳಿದೆ.

"ಹಿಡಿಸಿದ್ರು ಅತ್ತೆ." ಅವಳ ಕೆನ್ನೆ ನೋಡಿದರೇ ಗೊತ್ತಾಗುತ್ತಿತ್ತು. "ನಾನು ಬೆಸುಗೆ ಹಾಕಿದ್ದನ್ನ... ತುಂಬ ಹೊತ್ತು... ನೋಡಿದ್ರು. ಆದ್ರೆ..."

ನಾನು ಕಾದೆ.

"ಒಂದು ಮಾತು ಹೇಳ್ದೆ ಅವರಿಗೆ."

"ಹೂಂ."

"ನಾನು ನಿಧಾನ. ನನ್ನ ಮಾತು ಮುಗಿಯೋ ತನಕ... ಕಾಯೋಕ್ಕಾಗತ್ತೆ ಅನ್ನೋದಾದ್ರೆ ಮಾತ್ರ... ಹೂಂ ಅನ್ನಿ ಅಂದೆ."

"ಹೂಂ. ಅಂದ್ರಾ?"

"ಇಲ್ಲ. ಆಗಲ್ಲ ಅಂತಾನೂ ಅನ್ನಲಿಲ್ಲ. ಅವರ ಪಾಡಿಗೆ ಅವರು... ಯಾವುದೋ ಹೊಲಿಗೆ ಮಿಷನ್ನಿನ ವಿಷಯ... ಹೇಳ್ತಾನೇ ಇದ್ರು. ಮುಟ್ತೋ ಇಲ್ವೋ."

ಊರಿನವರೆಲ್ಲ ಅರ್ಧಕ್ಕೇ ಬಾಯಿ ಹಾಕಿ ಬಾಯಿ ಹಾಕಿ ಹುಡುಗಿಗೆ ಬೇಳೆ ತಿನ್ನಿಸಿದ್ದು ಸಾಲದೆ, ಕಟ್ಟಿಕೊಳ್ಳುವವನೂ ಹೀಗೇ ಆದರೆ ಅವಳು ಇಡೀ ಬದುಕಿನಲ್ಲಿ ಒಂದು ಮಾತನ್ನಾದರೂ ಮುಗಿಸುವುದು ಯಾವಾಗ? ನಾನು ಅಣ್ಣನ ಹತ್ತಿರ ಹೋಗಿ ವಿಷಯ ಹೇಳಿದೆ. "ಗಂಡು ಒಪ್ಪಿ ಆಗಿದೆ, ಛತ್ರ ಗೊತ್ತುಮಾಡಿ ಆಗಿದೆ, ಇನ್ನೆಂಥ ಹೂಂ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ನಾನೇ ಆಚೆ ಊರಿಗೆ ಹೋಗಿ ಕೇಳಿಬರುತ್ತೇನೆಂದೆ. ಮಂದಾ ಒಪ್ಪಲಿಲ್ಲ. "ಅದನ್ನ ಅವರೇ... ನನಗೇ... ಅನ್ಬೇಕು ಅತ್ತೆ," ಅಂದಳು. ಅದೂ ಸರಿಯೇ. ಕಾಫಿಗಾದರೆ ಸರಿ, ಇಂಥ ಹೂಂ ಅನ್ನು ಬೇರೆಯವರ ಕೈಲಿ ತರಿಸಿಕೊಳ್ಳಲು ಬರುವುದಿಲ್ಲ.

ಮದುವೆಗೆ ಮುಂಚೆ ನನಗಿನ್ನೊಂದು ತಲೆನೋವಿತ್ತು. ಬೀಗರ ಕಡೆಯವರೆಲ್ಲ ಬಂದು ಛತ್ರದಲ್ಲಿ ಒಟ್ಟಿಗೆ ಮಾತಾಡತೊಡಗಿದರೆ ನಮ್ಮ ತಂತಿಯ ಗತಿಯೇನು? ಒಂದು ಸಲಕ್ಕೆ ಒಬ್ಬರ ಮಾತು ಹೊರುವ ತಂತಿ ಅದು. ಅದಕ್ಕೆ ನಾನೊಂದು ಪೆಟ್ಟಿಗೆ ಮಾಡಿದೆ. ಒಂದು ಕಿವಿ ಅವರ ಕಡೆಗೆ, ಒಂದು ಬಾಯಿ ನಮ್ಮ ಕಡೆಗೆ. ಅವರು ಗಡಗಡ ಅಂದದ್ದನ್ನೆಲ್ಲ ಕೇಳಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ, ತಾಳ ನೋಡಿಕೊಂಡು ಒಂದೊಂದೇ ಮಾತನ್ನು ನಮ್ಮ ತಂತಿಗೆ ಬಿಡುತ್ತದೆ, ಹೂಂ ಬಂದ ಮೇಲೆ ಮುಂದಿನದು. ಯಾರ ಹೆಸರೂ ಇಲ್ಲದ ಮಾತು ಬಂದರೆ ಊರೆಲ್ಲ ಹೂಂಗುಟ್ಟಿ ಗದ್ದಲವಾಗುತ್ತದೆಂದು ಅಂಥದ್ದನ್ನು ಕಟ್ಟಕಡೆಗೆ ಉಳಿಸಿಕೊಳ್ಳುವ ಹಾಗೆ ಮಾಡಿದ್ದೆ. ನಾನು ಮಾಡಿದ ವಸ್ತುವನ್ನು ನಾನೇ ಹೊಗಳಬಾರದು, ಆದರೂ ಅಂಥ ಪೆಟ್ಟಿಗೆ ನಮ್ಮ ಸುತ್ತಮುತ್ತ ಎಲ್ಲೂ ಇರಲಿಲ್ಲ. ಅದಕ್ಕೊಂದು ಹೆಸರು ಬೇಕಲ್ಲ? ಇದ್ದಬದ್ದ ಹೆಸರೆಲ್ಲ ಖರ್ಚಾಗಿತ್ತು. ಬೀಗಿತ್ತಿ ಎಂದು ಇಟ್ಟೆ.

ಮದುವೆಯ ದಿನ ಬೀಗರ ಬಸ್ಸು ಬಂದದ್ದು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿತ್ತು. ನಮ್ಮಣ್ಣ ಓಡಿಹೋಗಿ ಕೈಮುಗಿದು "ಗಿರಿಜಮ್ಮನವರೇ, ಬನ್ನಿ, ಶುರುಮಾಡೋಣ" ಅಂದ. ಅಡುಗೆಮನೆಯ ದೊಡ್ಡ ಗ್ರೈಂಡರಿನ ಹೆಸರೂ ಗಿರಿಜಮ್ಮ ಎಂಬುದು ಅವನಿಗೆ ಮರೆತೇಹೋಗಿತ್ತು. ಒಳಗಿನಿಂದ "ಹೂಂ" ಎಂದು ಸದ್ದು ಬಂತು, ಅದರ ಹಿಂದೆಯೇ ಅಡುಗೆ ಭಟ್ಟರ ಕೂಗು. ಗ್ರೈಂಡರಿನ ಮೇಲೆ ಒಣಹಾಕಿದ್ದ ಅವರ ಟವೆಲು ಅಷ್ಟುಹೊತ್ತಿಗೆ ಚಟ್ನಿಯಾಗಿತ್ತು. ಬೀಗಿತ್ತಿ ಪೆಟ್ಟಿಗೆ ಮಾತ್ರ ಚೊಕ್ಕವಾಗಿ ಕೆಲಸ ಮಾಡುತ್ತಿತ್ತು. ನಾನು ಅದನ್ನು ಮಂಟಪದ ಕಂಬಕ್ಕೆ ಕಟ್ಟಿ, ಬಂದವರಿಗೆಲ್ಲ ಕಾಣುವ ಹಾಗೆ ಪಕ್ಕದಲ್ಲೇ ನಿಂತಿದ್ದೆ.

ಮುಹೂರ್ತದ ಹೊತ್ತಾಯಿತು. ನಮ್ಮ ಊರಿನ ಪುರೋಹಿತರು, ಅವರ ಬಾಯಿತಪ್ಪಿ ಆ ಪದ ಬರುವ ಭಯವಿಲ್ಲ. ವಾಲಗ ಜೋರಾಯಿತು, ಎಲ್ಲರ ಕೈಗೂ ಅಕ್ಷತೆ ಬಂತು. ರಂಗಧಾಮ ಕರಿಮಣಿ ಹಿಡಿದು ಎದ್ದು ನಿಂತ. ಪುರೋಹಿತರು "ಮಾಂಗಲ್ಯಂ ತಂ" ಎನ್ನುತ್ತಿದ್ದಂತೆ ಮಂದಾ ತಲೆಯೆತ್ತಿ ಅವನನ್ನು ನೋಡಿದಳು. ಆ ಮುಖ ನನಗೆ ಗೊತ್ತು. ಅಂಗಡಿಯವರು ಬೇಳೆ ತೂಗುತ್ತಿರುವಾಗ ಸಕ್ಕರೆ ಡಬ್ಬಿಯ ಕಡೆ ನೋಡುತ್ತ ನಿಲ್ಲುವ ಮುಖ ಅದು. ಈ ಸಲವೂ ಹಾಗೇ ತಲೆ ತಗ್ಗಿಸಿಬಿಡುತ್ತಾಳೆ ಅಂದುಕೊಂಡೆ.

"ತಾಳಿ," ಅಂದಳು ಮಂದಾ.

ನಿಂತಿತು. ದೊಡ್ಡಮ್ಮನ ತಾಳ ನಿಂತಿತು. ಫ್ಯಾನು, ದೀಪ, ಶ್ರುತಿಪೆಟ್ಟಿಗೆ ಎಲ್ಲ ನಿಂತವು. ವಾಲಗದವರ ಕೆನ್ನೆ ಉಬ್ಬಿದ್ದು ಉಬ್ಬಿದ ಹಾಗೇ ಉಳಿಯಿತು. ಪುರೋಹಿತರ ಬಾಯಿ "ತಂ" ಎಂಬಲ್ಲೇ ತೆರೆದಿತ್ತು. ನಮ್ಮಣ್ಣ ಎಲ್ಲಿಗೋ ಓಡುತ್ತಿದ್ದವನು ಒಂದು ಕಾಲು ಮೇಲಿಟ್ಟುಕೊಂಡೇ ಗೋಡೆ ಹಿಡಿದು ನಿಂತ. ನನ್ನ ಕೈ ಅಕ್ಷತೆಯ ಸಮೇತ ತಲೆಯ ಮೇಲಿತ್ತು, ಮೂಗಿನ ಮೇಲೊಂದು ನೊಣ ಕೂತಿತು. ಆದರೆ ನನಗಾದ ಸಂತೋಷ ಹೇಳತೀರದು. ಅಂದಳಲ್ಲ! ಕೊನೆಗೂ ಬಾಯಿಬಿಟ್ಟು ಅಂದಳಲ್ಲ ನನ್ನ ಹುಡುಗಿ! ಸಂತೋಷದ ಬೆನ್ನಿಗೇ ಭಯವಾಯಿತು. ಅವನು ಇವತ್ತೂ ಹೂಂ ಅನ್ನದಿದ್ದರೆ ಇವಳು ಆಯ್ತು ಅನ್ನುವವಳಲ್ಲ. ಮದುವೆಯೂ ಅಷ್ಟೇ, ಊರೂ ಅಷ್ಟೇ.

ನಿಲ್ಲದೆ ಇದ್ದವರು ಬೀಗರ ಕಡೆಯವರು ಮಾತ್ರ. ಅವರ ಊರಿನಲ್ಲಿ ಆ ಪದ ಅಂದರೆ ಕರಿಮಣಿ, ಅಷ್ಟೇ.

"ನೋಡ್ರೇ, ಕಟ್ಟು ಅಂತ ಬಾಯಿಬಿಟ್ಟು ಕೇಳ್ತಾ ಇದಾಳೆ!" ಎಂದರು ಗಿರಿಜಮ್ಮನವರು.

"ಅಬ್ಬಬ್ಬ, ಏನವಸರ ಇವಳಿಗೆ!" ಎಂದರು ಅವರ ತಂಗಿ, ಅದೇ ಹೊತ್ತಿಗೆ.

"ರಂಗಾ, ಕಟ್ಟೋ ಬೇಗ, ಹುಡುಗಿ ತಡಕೊಳ್ಳಲಾರಳು!" ಎಂದಿತು ಹಿಂದಿನಿಂದ ಇನ್ನೊಂದು ದನಿ.

ನಮ್ಮ ಮಂದಾಳಿಗೆ ಅವಸರವಂತೆ! ಊರಿಗೆ ಊರೇ ನಕ್ಕು ಬೀಳಬೇಕಾದ ಮಾತು, ನಗುವುದಕ್ಕೆ ಯಾರಿಗೂ ತಾಳವಿರಲಿಲ್ಲ. ಅವರ ಕಡೆಯವರೆಲ್ಲ ಸೇರಿ ಕಟ್ಟು ಕಟ್ಟು ಎಂದು ಕೂಗತೊಡಗಿದರು. ಬೀಗಿತ್ತಿ ಅಷ್ಟನ್ನೂ ಕೇಳಿ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಬಾಯಿ ಬಿಡಲು ಅದಕ್ಕೂ ತಾಳವಿರಲಿಲ್ಲ.

ರಂಗಧಾಮ ಕರಿಮಣಿ ಹಿಡಿದ ಕೈ ಮುಂದೆ ತಂದ. ಮಂದಾಳ ಮುಖ ನೋಡಿದ. ಆಮೇಲೆ ಸುತ್ತ ನೋಡಿದ: ತೆರೆದ ಬಾಯಿ, ಎತ್ತಿದ ಕಾಲು, ತಲೆಯ ಮೇಲಿನ ಅಕ್ಷತೆ. ಅವನೂ ಚಿಪ್ಪಿನ ಕೆಲಸದವನೇ ಅಲ್ಲವೇ, ಏನೋ ಹೊಳೆದಿರಬೇಕು. ಕೈ ಹಿಂದಕ್ಕೆ ತೆಗೆದುಕೊಂಡ.

"ಇದನ್ನ ಕೇಳಿದ್ದಲ್ಲ ಅಲ್ವಾ ನೀವು?" ಅಂದ. "ಕಾಯಿರಿ ಅಂದ್ರಿ."

"ಹೂಂ," ಅಂದಳು ಮಂದಾ.

ಅವನ ಮುಖ ಪೆಚ್ಚಾಯಿತು. ಬಾಯಿ ಮುಚ್ಚಿಕೊಂಡ. ಮಂದಾ ಕಾದಳು.

"ಯಾಕೆ... ಸುಮ್ಮನಾದ್ರಿ?"

"ನೀವೇ ನಿಲ್ಲಿಸು ಅಂದ್ರಲ್ಲ."

"ನಾನು... ಹೂಂ ಅಂದೆ."

"ಅದೇ ಮತ್ತೆ. ನಮ್ಮಲ್ಲಿ ಹೂಂ ಅಂದ್ರೆ ಸಾಕು, ಬಾಯಿ ಮುಚ್ಚು ಅಂತ. ಕೇಳೋಕೆ ಬೇಜಾರಾದ್ರೆ ಅನ್ನೋದು ಅದು." ಅವನು ನನ್ನ ಕಡೆ ಒಮ್ಮೆ ನೋಡಿದ. "ಅವತ್ತು ನಿಮ್ಮತ್ತೆ ನಮ್ಮಮ್ಮನಿಗೆ ಎಷ್ಟು ಸಲ ಅಂದ್ರು! ಅಮ್ಮ ಮನೆಗೆ ಬಂದು ಅತ್ತುಬಿಟ್ರು."

ನೊಣವನ್ನು ಓಡಿಸಲಾಗದೆ ನಿಂತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಬ್ಬಿಬ್ಬರಿಗೂ ಲೆಕ್ಕವಿಲ್ಲದಷ್ಟು ಅಂದಿದ್ದೆನಲ್ಲ.

"ನೀವು ಹಿತ್ತಲಲ್ಲಿ ಹೂಂ ಅನ್ನಿ ಅಂದ್ರಿ," ಎಂದು ಅವನು ಮುಂದುವರಿಸಿದ. ಈಗ ಅವನ ಸ್ವರ ತಗ್ಗಿತ್ತು. "ನಿಮ್ಮ ಮಾತಿಗೆ ಹಾಗನ್ನೋಕೆ ನನಗೆ ಮನಸ್ಸೇ ಬರಲಿಲ್ಲ. ಇನ್ನೂ ಹೇಳಲಿ ಅನ್ನಿಸ್ತಿತ್ತು."

"ಹಾಗಾದ್ರೆ... ಮುಟ್ಟಿತ್ತಾ?"

ರಂಗಧಾಮ ಗಂಟಲು ಸರಿಮಾಡಿಕೊಂಡ. "ಕಾಫಿ ತಗೊಳ್ಳಿ," ಅಂದ. ಮಂದಾ ಹುಬ್ಬೇರಿಸಿದಳು. "ಕಾಫಿ ತಗೊಳ್ಳಿ," ಎಂದು ಮತ್ತೆ ಅಂದ. "ಕಾಫಿ ತಗೊಳ್ಳಿ. ಕಾಫಿ ತಗೊಳ್ಳಿ." ಅವತ್ತು ಅವಳು ಅಂದಷ್ಟು ಸಲವೂ ಅಂದ, ಒಂದೊಂದರ ನಡುವೆ ಅವಳು ಬಿಟ್ಟಷ್ಟೇ ಬಿಡುವು ಬಿಟ್ಟು. ಅವನ ತಾಯಿ, ಚಿಕ್ಕಮ್ಮ ಇಬ್ಬರೂ ಹುಟ್ಟಿದ ಮೇಲೆ ಮೊದಲ ಸಲ ಒಟ್ಟಿಗೆ ಸುಮ್ಮನಾದರು. ಅವನು ಒಂದು ಕ್ಷಣ ನಿಂತು ಅವಳ ದನಿಯ ಓಟವನ್ನೇ ಹಿಡಿದು ಶುರುಮಾಡಿದ.

"ನಾನು... ನಿಧಾನ. ನನ್ನ ಮಾತು... ಮುಗಿಯೋ ತನಕ... ಕಾಯೋಕ್ಕಾಗತ್ತೆ... ಅಯ್ಯೋ ಇರುವೆ..." ಇಲ್ಲಿ ತನ್ನ ಪಂಚೆಯ ಅಂಚು ಕೊಡವಿ, ಅಷ್ಟು ಹೊತ್ತು ಕಾದು, "ಅನ್ನೋದಾದ್ರೆ... ಮಾತ್ರ... ಹೂಂ ಅನ್ನಿ."

ಹೊಲಿಗೆ ಮಿಷನ್ನಿನ ಕಥೆ ಹೇಳುತ್ತಲೇ ಅವನು ಇಷ್ಟನ್ನೂ ಕೇಳಿಸಿಕೊಂಡಿದ್ದ. ಅವತ್ತು ಅವಳ ಸೀರೆ ಹತ್ತಿದ್ದ ಇರುವೆಯನ್ನು ಕೂಡ ಬಿಟ್ಟಿರಲಿಲ್ಲ. ಮಂದಾಳ ಮಾತನ್ನು ಪೂರ್ತಿಯಾಗಿ, ಅದರ ಎಲ್ಲ ಬಿಡುವುಗಳ ಸಮೇತ ಇನ್ನೊಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಸಾಕಿ ಬೆಳೆಸಿದ ನಾವೇ ಅವಳ ಮಾತಿನ ನಡುವಿನ ಬಿಡುವನ್ನು ಖಾಲಿ ಜಾಗ ಅಂದುಕೊಂಡಿದ್ದೆವು. ನನ್ನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮಂದಾ ಅವನನ್ನು ನೋಡುತ್ತಲೇ ಇದ್ದಳು. ಅವಸರವೇನೂ ಮಾಡಲಿಲ್ಲ. ಊರು ನಿಂತಿದೆ, ಸಾರು ತಣ್ಣಗಾಗುತ್ತಿದೆ, ಅಪ್ಪನ ಕಾಲು ಮೇಲಿದೆ ಎಂಬ ಯಾವ ಚಿಂತೆಯೂ ಅವಳ ಮುಖದಲ್ಲಿರಲಿಲ್ಲ. ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು, ಸರಿಯಿದೆ ಅನ್ನಿಸಿದ ಮೇಲೆ "ಹೂಂ" ಅಂದಳು.

ಗಿರಿಜಮ್ಮನವರು ತಂಗಿಯ ಕಡೆ ಬಾಗಿದರು. "ಈಗಲೇ ಬಾಯಿ ಮುಚ್ಚು ಅಂತಿದಾಳಲ್ಲೇ," ಅಂದರು. ತಂಗಿ "ಬಿಡಕ್ಕ, ಅವನಿಗೂ ಒಬ್ಬರು ಬೇಕಿತ್ತು" ಅಂದರು.

ಇನ್ನು ಆಯ್ತು ಅನ್ನುತ್ತಾಳೆ ಎಂದು ನಾವು ಕಾದೆವು. ಅನ್ನಲಿಲ್ಲ. ಅವನಿಗೆ ಕುತ್ತಿಗೆ ಬಾಗಿಸಿದಳು. ರಂಗಧಾಮ ಒಂದೊಂದೇ ಗಂಟು ಹಾಕಿದ, ಬೆಸುಗೆ ಹಾಕುವವರ ಹಾಗೆ ಒಂದು ಕೂತಿತೆಂದು ನೋಡಿಕೊಂಡು ಇನ್ನೊಂದು. ಹಾಕುತ್ತ ಅವಳ ಕಿವಿಯ ಹತ್ತಿರ ಏನೋ ಹೇಳಿದ. ಯಾರಿಗೂ ಕೇಳಿಸಲಿಲ್ಲ. ವಾಲಗವಿಲ್ಲ, ಮಂತ್ರವಿಲ್ಲ, ಒಂದು ಕಾಳು ಅಕ್ಷತೆ ಬೀಳಲಿಲ್ಲ. ಅಷ್ಟು ಸದ್ದಿಲ್ಲದ ಮದುವೆ ನಮ್ಮೂರಿನಲ್ಲಿ ಹಿಂದೆ ಆಗಿಲ್ಲ, ಮುಂದೆ ಆಗುವುದೂ ಅನುಮಾನ.

ಮಂದಾ ಕರಿಮಣಿ ಸರಿಮಾಡಿಕೊಂಡು, ಸೆರಗು ಸರಿಮಾಡಿಕೊಂಡು, "ಆಯ್ತು" ಅಂದಳು.

ಒಮ್ಮೆಗೇ ಎಲ್ಲ ಬಂತು. "ತುನಾನೇನ" ಎಂದು ಪುರೋಹಿತರು ಬಿಟ್ಟಲ್ಲಿಂದ ಹಿಡಿದರು. ವಾಲಗ ಕಿವಿ ಕಿತ್ತುಹೋಗುವ ಹಾಗೆ ಸಿಡಿಯಿತು. ಅಕ್ಷತೆ ಧೋ ಎಂದು ಬಿತ್ತು, ಅಷ್ಟರಲ್ಲೇ ಫ್ಯಾನು ತಿರುಗಿ ಅರ್ಧ ಅಕ್ಷತೆ ಬೀಗರ ತಲೆಯ ಮೇಲೆ ಹೋಯಿತು. ಅಣ್ಣ ಎತ್ತಿದ ಕಾಲನ್ನು ಇಟ್ಟು ಓಡಿದ. ನಾನು ಮೊದಲು ನೊಣ ಹೊಡೆದೆ, ಆಮೇಲೆ ಕಣ್ಣೊರೆಸಿಕೊಂಡೆ, ಆಮೇಲೆ ಗಿರಿಜಮ್ಮನವರ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡೆ. ಅವರು ಒಂದೇ ಸಮನೆ ಮಾತಾಡಿದರು. ಹೂಂ ಅನ್ನದೆ ಕೇಳುವುದು ಎಷ್ಟು ಕಷ್ಟವೆಂದು ನನಗೆ ಅವತ್ತು ತಿಳಿಯಿತು, ತುಟಿ ಕಚ್ಚಿ ಹಿಡಿದುಕೊಂಡಿದ್ದೆ. ಬೀಗಿತ್ತಿಯಂತೂ ಅಷ್ಟುಹೊತ್ತು ತುಂಬಿಕೊಂಡದ್ದನ್ನು ಒಂದೊಂದಾಗಿ ಬಿಡತೊಡಗಿತ್ತು. ಜನ ಊಟಕ್ಕೆ ಕೂತಾಗ "ರಂಗಾ, ಕಟ್ಟೋ ಬೇಗ" ಎಂದು ಕಂಬದಿಂದ ಸದ್ದು ಬಂತು. ಪಾಯಸ ಬಡಿಸುವಾಗಲೂ "ರಂಗಾ, ಇನ್ನೂ ಏನೋ ನೋಡ್ತಾ ಇದೀಯ?" ಎಂದು ಗದರಿಸುತ್ತಿತ್ತು. ರಂಗಧಾಮ ಪ್ರತಿ ಸಲವೂ ಬಾಳೆಲೆಯಿಂದ ತಲೆಯೆತ್ತಿ ನೋಡುತ್ತಿದ್ದ. ನಾನು ಸನ್ನೆ ಮಾಡಿದೆ, ಹೂಂ ಅನ್ನದ ಹೊರತು ಅದು ಬಿಡುವುದಿಲ್ಲ ಎಂದು. ಅವನು ಮೊದಮೊದಲು ನಾಚಿಕೊಂಡು, ಆಮೇಲೆ ರೂಢಿಯಾಗಿ, ಒಂದೊಂದಕ್ಕೂ ಹೂಂ ಅನ್ನುತ್ತ ಊಟ ಮುಗಿಸಿದ.

ಸಂಜೆ ಬೀಗರ ಬಸ್ಸು ಹೊರಡುವ ಹೊತ್ತಿಗೆ ಬೀಗಿತ್ತಿಯ ಹೊಟ್ಟೆ ಖಾಲಿಯಾಗುತ್ತ ಬಂದಿತ್ತು. ಎಲ್ಲರೂ ಬಾಗಿಲಲ್ಲಿದ್ದೆವು. ಮಂದಾ ಮಡಿಲಕ್ಕಿ ಹಿಡಿದು ನಿಂತಿದ್ದಳು, ರಂಗಧಾಮ ಅವಳ ಪೆಟ್ಟಿಗೆ ಹಿಡಿದಿದ್ದ. ಪೆಟ್ಟಿಗೆಯಲ್ಲಿ ಅವಳ ಬೆಸುಗೆ ಕಡ್ಡಿಯೂ ಇತ್ತು, ನಾನೇ ಸೀರೆಗಳ ನಡುವೆ ಸುತ್ತಿ ಇಟ್ಟಿದ್ದೆ. ಆಗ ಬೀಗಿತ್ತಿ ಕಟ್ಟಕಡೆಗೆ ಉಳಿಸಿಕೊಂಡಿದ್ದ ಒಂದು ಮಾತನ್ನು ಹೊರಗೆ ಬಿಟ್ಟಿತು. ಅದರ ಮುಂದೆ ಯಾರ ಹೆಸರೂ ಇರಲಿಲ್ಲ. ಗಂಟು ಹಾಕುವಾಗ ಗಂಡ ಹೆಂಡತಿಯ ಕಿವಿಯಲ್ಲಿ ಅಂದದ್ದಕ್ಕೆ ಹೆಸರೆಲ್ಲಿಂದ ಬರಬೇಕು?

"ನಿಮಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತಗೊಳ್ಳಿ. ನಾನೆಲ್ಲಿಗೂ ಹೋಗಲ್ಲ."

ಹೆಸರಿಲ್ಲದ ಮಾತು, ತಮಗೇ ಹೇಳಿದ್ದು ಎಂದುಕೊಂಡವು ನಮ್ಮ ವಸ್ತುಗಳು. ಛತ್ರದ ಫ್ಯಾನುಗಳು ಹೂಂ ಅಂದವು. ಅಡುಗೆಮನೆಯಿಂದ ಗಿರಿಜಮ್ಮ ಹೂಂ ಅಂದಿತು. ಟ್ಯಾಂಕಿನ ಮೇಲಿಂದ ಭೀಮಣ್ಣ, ಆಗಷ್ಟೇ ಹತ್ತಿಕೊಳ್ಳುತ್ತಿದ್ದ ಬೀದಿದೀಪಗಳು ಒಂದಾದ ಮೇಲೊಂದು, ಬಸ್ ನಿಲ್ದಾಣದಲ್ಲಿ ಪದ್ಮಾವತಿ, ಎಲ್ಲ ಹೂಂ ಅಂದವು. ಎಲ್ಲಕ್ಕಿಂತ ಕೊನೆಗೆ ಹೋಟೆಲಿನ ಕಡೆಯಿಂದ ಸೀತಾಪತಿ, ನಿಧಾನವಾಗಿ, ಹೂಂ ಅಂದಿತು. ರಂಗಧಾಮನ ಕಿವಿ ಕೆಂಪಾಗಿತ್ತು. ಅವನ ಕಡೆಯವರು ಊರಿಗೆ ಊರೇ ತಮ್ಮ ಬಾಯಿ ಮುಚ್ಚಿಸುತ್ತಿದೆ ಅಂದುಕೊಂಡು ಗಾಬರಿಯಿಂದ ಬಸ್ಸು ಹತ್ತಿದರು. ನಾನೂ ಬಾಯಿ ತಡೆಯದೆ ಒಂದು ಹೂಂ ಅಂದೆ.

ಮಂದಾ ಮಾತ್ರ ಏನೂ ಅನ್ನಲಿಲ್ಲ. ಅವಳ ಹೂಂ ಮುಹೂರ್ತಕ್ಕೇ ಆಗಿಹೋಗಿತ್ತು.